ಕಾಣೆಯಾದ ಮಗುವೂ ಊರಿನ ನಾಲಿಗೆಯೂ

ಬೇಲೂರು ತಾಲ್ಲೂಕಿನ ಹಳೇಬೀಡಿನಲ್ಲಿ, ಬಸ್ತಿಹಳ್ಳಿಯ ಮೂರು ಬಸದಿಗಳ ಪೈಕಿ ಪಾರ್ಶ್ವನಾಥ ಬಸದಿಯ ಹೆಸರಿನ ಹಿಂದೆ ಒಂದು ಮಗುವಿನ ಹುಟ್ಟಿನ ಸಂಗತಿಯಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನು ತೀರಿಕೊಂಡ ಮೇಲೆ, ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಈ ಬಸದಿಯನ್ನು ಕಟ್ಟಿಸಿ 1133ರಲ್ಲಿ ಪ್ರತಿಷ್ಠೆ ಮಾಡಿಸಿದನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದು ಒಪ್ಪಿಸಿದರು. ಅದೇ ಸಮಯಕ್ಕೆ ಅರಸನಿಗೆ ಯುದ್ಧದಲ್ಲಿ ಜಯ ದೊರೆತಿತ್ತು; ಮಗನೂ ಹುಟ್ಟಿದ್ದನು. ಎರಡು ಸಂತೋಷಗಳನ್ನೂ ಜಿನಪ್ರತಿಷ್ಠೆಯ ಫಲವೆಂದು ಭಾವಿಸಿದ ಅರಸನು ಸ್ವಾಮಿಗೆ ವಿಜಯಪಾರ್ಶ್ವನೆಂದೂ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನವು ತಿಳಿಸುತ್ತದೆ.

ಒಂದು ಮನೆಯ ಮಗು ಹುಟ್ಟಿದ್ದು ಹೀಗೆ ಒಂದು ಊರಿನ ಸಂತೋಷವಾಯಿತು. ಅರಮನೆಯ ಮಗುವಾದ್ದರಿಂದ ಅದು ಕಲ್ಲಿನ ಮೇಲೆ ಉಳಿಯಿತು. ಸಾಮಾನ್ಯರ ಮನೆಯಲ್ಲಿಯೂ ನಾಮಕರಣದ ದಿನ ಓಣಿಯೆಲ್ಲ ಬಂದು ತೊಟ್ಟಿಲು ತೂಗಿ ಹೋಗುವುದು ನಮ್ಮ ನಾಡಿನ ಪದ್ಧತಿ. ಹುಟ್ಟಿದಾಗ ಊರಿನದಾದ ಮಗುವು ಕಾಣೆಯಾದಾಗ ಮಾತ್ರ ತಂದೆತಾಯಿಗಳದಷ್ಟೇ ಆಗಿಬಿಡುವುದೇಕೆ? ತೊಟ್ಟಿಲು ತೂಗಿದ ಕೈಗಳೇ ಅಂದು ಬೊಟ್ಟು ಮಾಡಿ ತೋರಿಸುವುದೇಕೆ? ಈ ಪ್ರಶ್ನೆಯನ್ನು ಇದೇ ನೆಲದ ಇತಿಹಾಸದ ಬೆಳಕಿನಲ್ಲಿ ವಿಚಾರ ಮಾಡಬಹುದು.

ವಿಜಯನರಸಿಂಹನ ಹುಟ್ಟಿಗೆ 178 ವರ್ಷಗಳ ತರುವಾಯದ ಮಾತು. 1311ರಲ್ಲಿ ದೆಹಲಿಯ ಅಲ್ಲಾವುದ್ದೀನನ ಸೇನಾನಿ ಮಲ್ಲಿಕಾಫರನು ದೋರಸಮುದ್ರದ ಮೇಲೆ ಏರಿಬಂದನು. ಆಗ ಅರಸನಾಗಿದ್ದ ಮೂರನೆಯ ವೀರಬಲ್ಲಾಳನು ಪಾಂಡ್ಯರ ಒಳಜಗಳದ ನಿಮಿತ್ತ ದಕ್ಷಿಣಕ್ಕೆ ಹೋಗಿದ್ದನು. ಅವನು ಆತುರದಿಂದ ಹಿಂದಿರುಗಿದರೂ ಎದುರು ನಿಲ್ಲುವ ಬಲ ಸಾಲದೆ ಸಂಧಿಗೆ ಒಪ್ಪಿದನು. ಆನೆ, ಕುದುರೆ, ಭಂಡಾರಗಳನ್ನು ತೆತ್ತನು. ಅವನ ಮಗ ವೀರವಿರೂಪಾಕ್ಷ ಬಲ್ಲಾಳನು ದೆಹಲಿಗೆ ಹೋಗಬೇಕಾಯಿತು. ಎರಡು ವರ್ಷಗಳ ಅನಂತರ, 1313ರಲ್ಲಿ, ಆ ಮಗನು ದೆಹಲಿಯಿಂದ ಮರಳಿ ಬಂದನು. ಆ ಸಂತೋಷದಲ್ಲಿ ಕೊಟ್ಟ ದತ್ತಿಯನ್ನು ಶಿವಮೊಗ್ಗ ತಾಲ್ಲೂಕಿನ ಒಂದು ಶಾಸನವು ದಾಖಲಿಸಿದೆ.

ಆ ಎರಡು ವರ್ಷಗಳಲ್ಲಿ ಅರಸನ ಮನೆಯ ಮೇಲೆ ಏನೆಲ್ಲ ಮಾತು ಬರಬಹುದಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಜಧಾನಿಯನ್ನು ಬಿಟ್ಟು ಪರರಾಜ್ಯದ ಜಗಳಕ್ಕೆ ಹೋದುದು ತಪ್ಪೆನ್ನಬಹುದಾಗಿತ್ತು; ನಗರವನ್ನು ಉಳಿಸಿಕೊಳ್ಳಲು ಮಗನನ್ನು ಒಪ್ಪಿಸಿದನೆನ್ನಬಹುದಾಗಿತ್ತು; ಒಪ್ಪಿಸದೆ ಇದ್ದಿದ್ದರೆ ಮಗನಿಗಾಗಿ ನಗರವನ್ನು ಸುಡಿಸಿದನೆನ್ನಬಹುದಾಗಿತ್ತು. ಯಾವ ದಾರಿ ಹಿಡಿದರೂ ತಂದೆಯಾದವನಿಗೆ ನಿಂದೆ ತಪ್ಪದ ಸಂದರ್ಭವದು. ಕಲ್ಲಿನ ಮೇಲೆ ಉಳಿದಿರುವುದು ಆ ತರ್ಕಗಳಾವುವೂ ಅಲ್ಲ. ಮಗನು ಬಂದನೆಂಬ ಸುದ್ದಿ ಮತ್ತು ಆ ಸಂತೋಷದಲ್ಲಿ ಕೈಯೆತ್ತಿ ಕೊಟ್ಟ ದಾನ. ಮಗು ದೂರವಾದ ಮನೆಯಲ್ಲಿ ಎಣಿಕೆಗೆ ಬರುವ ಸಂಗತಿ ಅದೊಂದೇ ಎಂಬುದನ್ನು ಶಾಸನ ಬರೆಸಿದವರು ಅರಿತಿದ್ದರು.

ಮಗು ಮರಳಿ ಬಾರದ ಮನೆಯೂ ಹೊಯ್ಸಳರ ಚರಿತ್ರೆಯಲ್ಲಿದೆ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದಾಗ, ಅದೇ ಪ್ರಾಕಾರದಲ್ಲಿ ಕಪ್ಪೆಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಪಟ್ಟಮಹಿಷಿ ಶಾಂತಲದೇವಿ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯೂ ಅವಳದೇ. ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದ ಲೋಕದಲ್ಲಿ ಉಳಿಯಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನವು ಹೇಳುತ್ತದೆ. ಶಾಂತಲೆಯ ಸಾವಿಗೆ ಕಾರಣವೇನೆಂದು ಆ ಶಾಸನ ಹೇಳಲಿಲ್ಲ. ಆದರೆ ಮುಂದಿನ ಜನರು ಸುಮ್ಮನಿರಲಿಲ್ಲ. ಶಿವಗಂಗೆಯ ಬೆಟ್ಟದ ಒಂದು ಕಡಿದಾದ ತಾಣಕ್ಕೆ ಅವಳ ಹೆಸರನ್ನಿಟ್ಟರು; ಅವಳ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಕಥೆಗಳನ್ನು ಕಟ್ಟಿದರು. ಶಾಸನವು ತಾನು ಬಲ್ಲಷ್ಟನ್ನು ಹೇಳಿ ನಿಂತಿತು, ನಾಲಿಗೆಯು ನಿಲ್ಲಲಿಲ್ಲ.

ಕಾಣೆಯಾದ ಮಗುವಿನ ಕಥೆಯು ಜೈನಪುರಾಣಗಳಿಗೂ ಹೊಸದಲ್ಲ. ನೇಮಿನಾಥ ಚರಿತೆಯನ್ನು ಹೇಳುವ ಗ್ರಂಥಗಳಲ್ಲಿ ರುಕ್ಮಿಣಿಯ ಮಗ ಪ್ರದ್ಯುಮ್ನನನ್ನು ಹಸುಗೂಸಾಗಿರುವಾಗಲೇ ಹಿಂದಿನ ಜನ್ಮದ ವೈರಿಯೊಬ್ಬನು ಕದ್ದೊಯ್ದು ಕಾಡಿನಲ್ಲಿ ಬಂಡೆಯ ಕೆಳಗೆ ಬಿಟ್ಟುಹೋಗುತ್ತಾನೆ. ಕಾಲಸಂವರನೆಂಬ ವಿದ್ಯಾಧರನು ಅವನನ್ನು ಕಂಡು ತನ್ನ ಮಗನಂತೆ ಸಾಕುತ್ತಾನೆ. ದ್ವಾರಕೆಯಲ್ಲಿ ರುಕ್ಮಿಣಿಯ ದುಃಖವನ್ನು ಕಂಡ ನಾರದನು ಏನು ಮಾಡುತ್ತಾನೆಂಬುದು ಇಲ್ಲಿ ಗಮನಿಸತಕ್ಕದ್ದು. ಸುದ್ದಿಯನ್ನು ಮನೆಮನೆಗೆ ಹಂಚುವ ಸ್ವಭಾವದವನೆಂದು ಲೋಕವು ನಗುವ ಆ ನಾರದನೇ ನೇರವಾಗಿ ವಿದೇಹಕ್ಷೇತ್ರಕ್ಕೆ ಹೋಗಿ ಸೀಮಂಧರ ಜಿನರ ಸಮವಸರಣದಲ್ಲಿ ಮಗುವಿನ ವಿಚಾರವನ್ನು ತಿಳಿದುಕೊಂಡು, ಹದಿನಾರು ವರ್ಷಗಳ ಮೇಲೆ ಮಗನು ಬರುವನೆಂಬ ಭರವಸೆಯನ್ನು ತಾಯಿಗೆ ತಂದುಕೊಡುತ್ತಾನೆ. ತಾಯಿ ಏಕೆ ಮೈಮರೆತಳೆಂದು ವಿಚಾರಣೆ ನಡೆಸುವುದಿಲ್ಲ.

ಪುರಾಣಗಳಲ್ಲಿ ಇಂತಹ ಅಗಲಿಕೆಗೆ ಪೂರ್ವಕರ್ಮವನ್ನು ಕಾರಣವಾಗಿ ಹೇಳುವುದುಂಟು. ಅದನ್ನು ಹೇಳುವವರು ಭವಾವಳಿಯನ್ನು ಕಂಡ ಕೇವಲಜ್ಞಾನಿಗಳು. ಕೇಳುವವರ ಚಿತ್ತವನ್ನು ಶಾಂತಿಗೊಳಿಸಲು ಹೇಳುತ್ತಾರೆ. ಅದೇ ಮಾತನ್ನು ನೆರೆಮನೆಯವರು ಅಂಗಳದಲ್ಲಿ ನಿಂತು ಆಡಿದರೆ ಅದು ಧರ್ಮೋಪದೇಶವಾಗುವುದಿಲ್ಲ, ಗಾಯದ ಮೇಲೆ ಎಸೆದ ಕಲ್ಲಾಗುತ್ತದೆ. ಕರ್ಮಸಿದ್ಧಾಂತವು ತನ್ನನ್ನು ತಾನು ತಿದ್ದಿಕೊಳ್ಳಲು ಇರುವ ಕನ್ನಡಿ. ಮಗುವನ್ನು ಕಳೆದುಕೊಂಡವರ ಮುಖಕ್ಕೆ ಅದನ್ನು ಹಿಡಿಯುವ ಅಧಿಕಾರವು ಅಲ್ಪಜ್ಞರಿಗಿಲ್ಲ.

ಹಾಗಾದರೆ ತಂದೆತಾಯಿಗಳಿಗೆ ಹೊಣೆಯೇ ಇಲ್ಲವೇ? ಇದೆ, ಅದನ್ನು ಅಳೆಯುವ ಅಳತೆಯನ್ನೂ ಆಗಮವು ಕೊಟ್ಟಿದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸುತ್ತದೆ. ನೆಲವನ್ನು ನೋಡಿಕೊಂಡು ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಸೂಕ್ಷ್ಮಜೀವಿಯು ಸಿಕ್ಕಿದರೂ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆಯುವವನ ಕಾಲಿಗೆ ಏನೂ ಸಿಕ್ಕದಿದ್ದರೂ ಅವನು ನಿರ್ದೋಷಿಯಲ್ಲ. ಈ ಅಳತೆಯನ್ನು ಮನೆಗೆ ತಂದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮಗುವನ್ನು ದಿನವೂ ಅಲಕ್ಷ್ಯ ಮಾಡಿಯೂ ಅದೃಷ್ಟವಶಾತ್ ಏನೂ ಆಗದಿದ್ದ ತಂದೆತಾಯಿಗಳು ತಮ್ಮನ್ನು ಹೊಗಳಿಕೊಳ್ಳುವಂತಿಲ್ಲ. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿ ಒಂದು ಗಳಿಗೆಯ ಜನಸಂದಣಿಯಲ್ಲಿ ಕೈತಪ್ಪಿಸಿಕೊಂಡವರನ್ನು ಪಾತಕಿಗಳೆನ್ನುವಂತಿಲ್ಲ. ಲೋಕವು ತೀರ್ಪು ಕೊಡುವುದು ಫಲವನ್ನು ನೋಡಿ. ಧರ್ಮವು ನೋಡುವುದು ಎಚ್ಚರವನ್ನು. ನಿಂದಿಸುವವರಲ್ಲಿ ಬಹುಮಂದಿ ತಾವೂ ಅಂತಹ ಒಂದು ಗಳಿಗೆಯನ್ನು ಕಂಡು ಪಾರಾದವರೇ ಆಗಿರುತ್ತಾರೆ.

ಫಲವನ್ನೂ ಮುಖವನ್ನೂ ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ದೂರದೇಶದ ಒಂದು ನಿದರ್ಶನವಿದೆ. ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ 1980ರ ಆಗಸ್ಟ್ 17ರ ರಾತ್ರಿ, ಗುಡಾರದಲ್ಲಿ ಮಲಗಿದ್ದ ಒಂಬತ್ತು ವಾರಗಳ ಅಜಾರಿಯಾ ಎಂಬ ಹೆಣ್ಣುಮಗು ಕಾಣೆಯಾಯಿತು. ಡಿಂಗೋ ಎಂಬ ಕಾಡುನಾಯಿ ಒಯ್ದಿತೆಂದು ತಾಯಿ ಲಿಂಡಿ ಚೇಂಬರ್ಲೇನ್ ಕೂಗಿಕೊಂಡಳು. 1981ರ ಮೊದಲ ವಿಚಾರಣೆಯು ಅವಳ ಮಾತನ್ನು ಒಪ್ಪಿತು, ಜನರು ಒಪ್ಪಲಿಲ್ಲ. ಅವಳು ದೂರದರ್ಶನದ ಮುಂದೆ ಸಾಕಷ್ಟು ಅಳಲಿಲ್ಲವೆಂಬುದೇ ಆಕ್ಷೇಪವಾಯಿತು. ದಂಪತಿಗಳು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಅಲ್ಪಸಂಖ್ಯಾತ ಕ್ರೈಸ್ತ ಪಂಗಡದವರು. ಮಗುವಿನ ಹೆಸರಿಗೆ ಬಲಿ ಎಂಬ ಅರ್ಥವಿದೆಯೆಂಬ ಸುಳ್ಳು ಹಬ್ಬಿತು. 1982ರಲ್ಲಿ ನ್ಯಾಯಾಲಯವು ತಾಯಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಕಾರಿನಲ್ಲಿ ರಕ್ತವೆಂದು ತಜ್ಞರು ಹೇಳಿದ್ದ ಕಲೆಯು ಕಾರಿಗೆ ಸಿಂಪಡಿಸಿದ್ದ ಶಬ್ದನಿರೋಧಕ ಲೇಪವೆಂದು ಆಮೇಲೆ ತಿಳಿಯಿತು. 1986ರಲ್ಲಿ ಮಗುವಿನ ಅಂಗಿಯು ಬಂಡೆಯ ಬಳಿ ಸಿಕ್ಕಿ ತಾಯಿಯ ಬಿಡುಗಡೆಯಾಯಿತು. 1988ರಲ್ಲಿ ಶಿಕ್ಷೆಯು ರದ್ದಾಯಿತು. ಡಿಂಗೋ ಒಯ್ದುದೇ ನಿಜವೆಂಬ ಅಂತಿಮ ನಿರ್ಣಯ ಬಂದುದು 2012ರಲ್ಲಿ. ಒಬ್ಬ ತಾಯಿಯು ಮಗುವನ್ನು ಕಳೆದುಕೊಂಡ ದುಃಖದ ಮೇಲೆ 32 ವರ್ಷಗಳ ಅಪವಾದವನ್ನೂ ಹೊತ್ತಳು. ತನ್ನ ಧರ್ಮದ ಸಮಾಧಾನವನ್ನು ಹಿಡಿದುಕೊಂಡು ಕಣ್ಣೀರನ್ನು ತಡೆದುದೇ ಅವಳ ವಿರುದ್ಧ ಸಾಕ್ಷಿಯಾಯಿತು. ಸಮತಾಭಾವವನ್ನು ಬಾಲ್ಯದಿಂದ ಕಲಿಸುವ ಜೈನ ಮನೆತನಗಳು ಈ ಸಂಗತಿಯನ್ನು ಮರೆಯಬಾರದು.

ಆ ದೇಶದ ಜನರು ಮಾಡಿದ ತಪ್ಪಿಗೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೆಂಬುದೊಂದು. ಸತಿಪತಿಗಳು ಏಕಾಂತದಲ್ಲಿ ನಡೆದುಕೊಂಡುದನ್ನು ಬಯಲಿಗೆಳೆಯುವುದು. ಸಾಕಾರಮಂತ್ರಭೇದವೆಂಬುದು ಇನ್ನೊಂದು. ಮುಖದ ವಿಕಾರ, ಹುಬ್ಬಿನ ಚಲನೆ ಮೊದಲಾದುವುಗಳಿಂದ ಪರರ ಅಭಿಪ್ರಾಯವನ್ನು ಗುರುತಿಸಿ ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಸಾರುವುದು ಅದರ ಲಕ್ಷಣವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಮುಖದಿಂದ ಓದಿದ್ದು ನಿಜವಾಗಿದ್ದಾಗಲೂ ಅದು ವ್ರತಕ್ಕೆ ದೋಷ, ಸುಳ್ಳಾಗಿದ್ದರಂತೂ ಹೇಳುವುದೇನು? ಮಗು ಕಾಣೆಯಾದ ಮನೆಯ ತಾಯಿ ಏಕೆ ಅಳುತ್ತಿಲ್ಲ, ತಂದೆ ಏಕೆ ತಲೆತಗ್ಗಿಸಿ ಕುಳಿತಿದ್ದಾನೆ, ಗಂಡಹೆಂಡಿರ ನಡುವೆ ಏನಿತ್ತು ಎಂಬ ಮಾತುಗಳೆಲ್ಲ ಈ ಎರಡು ಅತಿಚಾರಗಳ ಒಳಗೇ ಬರುತ್ತವೆ.

ಮಾತಿನಲ್ಲಿ ಕಳೆಯುವ ಹೊತ್ತು ಹುಡುಕಾಟದ ಹೊತ್ತು. ಅರಸೀಕೆರೆಯನ್ನೇ ನೋಡಬಹುದು. 1220ರಲ್ಲಿ ರೇಚರಸನು ಸಹಸ್ರಕೂಟ ಜಿನಬಿಂಬವನ್ನು ಸ್ಥಾಪಿಸಿದ ಈ ಊರು ಇಂದು ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಗಳ ರೈಲುಮಾರ್ಗಗಳು ಕೂಡುವ ಜಂಕ್ಷನ್. ಇಂತಹ ನಿಲ್ದಾಣದಲ್ಲಿ ರೈಲು ಹತ್ತಿದ ಮಗುವು ಬೆಳಗಾಗುವುದರೊಳಗೆ ಮೂರು ದಿಕ್ಕುಗಳಲ್ಲಿ ಯಾವ ದಿಕ್ಕಿನಲ್ಲಾದರೂ ಇರಬಹುದು. ಅಪವಾದದ ಭಯದಿಂದ ತಂದೆತಾಯಿಗಳು ದೂರು ಕೊಡಲು ಒಂದು ರಾತ್ರಿ ಹಿಂಜರಿದರೆ, ಆ ರಾತ್ರಿಯ ನಷ್ಟವನ್ನು ಯಾರೂ ತುಂಬಿಕೊಡಲಾರರು. ಊರಿನ ನಾಲಿಗೆಯು ಮಗುವಿಗೇ ಕೇಡು ಮಾಡುವುದು ಹೀಗೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಾಣೆಯಾದ ಪ್ರತಿಯೊಂದು ಮಗುವಿನ ದೂರನ್ನೂ ಪೊಲೀಸರು ಎಫ್‌ಐಆರ್ ಆಗಿ ದಾಖಲಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2013ರ ಮೇ 10ರಂದು ಆಜ್ಞೆ ಮಾಡಿತು. ತಂದೆತಾಯಿಗಳು 24 ಗಂಟೆ ಕಾಯಬೇಕೆಂಬ ಮಾತಿಗೆ ಆಧಾರವಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ತುರ್ತು ಸಂಖ್ಯೆ 112. 2015ರ ಬಾಲನ್ಯಾಯ ಕಾಯಿದೆಯು ಮನೆಯವರಿಂದ ಅಗಲಿದ ಮಗುವನ್ನು ಕಂಡವರು 24 ಗಂಟೆಗಳೊಳಗೆ ಪೊಲೀಸರಿಗೋ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕೆನ್ನುತ್ತದೆ. ಅದೇ ಕಾಯಿದೆಯು ಮಗುವನ್ನು ಬೇಕೆಂದು ಅಲಕ್ಷಿಸಿದವರಿಗೆ ಶಿಕ್ಷೆಯನ್ನೂ ಹೇಳಿದೆ. ಆದುದರಿಂದ ನಿಜವಾದ ಅಪರಾಧವಿದ್ದರೆ ಅದನ್ನು ವಿಚಾರಿಸುವವರಿದ್ದಾರೆ. ಕಂಡದ್ದೇನಾದರೂ ಇದ್ದರೆ ಅದನ್ನು ಅವರಿಗೆ ತಿಳಿಸುವುದು ಶ್ರಾವಕನ ಕರ್ತವ್ಯ. ಕಾಣದ್ದನ್ನು ಓಣಿಗೆ ತಿಳಿಸುವುದು ಕರ್ತವ್ಯವಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ರಥೋತ್ಸವ, ಪಂಚಕಲ್ಯಾಣ, ಮಸ್ತಕಾಭಿಷೇಕಗಳ ಸಂದಣಿಯಲ್ಲಿ ಮಕ್ಕಳು ಕೈತಪ್ಪುವುದು ಸಹಜ. ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸಲು ಎಲ್ಲರಿಗೂ ಕಾಣುವ ಒಂದು ಸ್ಥಳ, ಅಲ್ಲಿ ಇಬ್ಬರು ನಂಬಿಕಸ್ಥ ಸ್ವಯಂಸೇವಕರು, ದ್ವಾರಗಳಲ್ಲಿ ಸಹಾಯವಾಣಿಯ ಸಂಖ್ಯೆ ಬರೆದ ಹಲಗೆ, ಕರೆದುಕೊಂಡು ಹೋಗಲು ಬಂದವರು ಮಗುವಿನವರೇ ಹೌದೆಂದು ನೋಡಿ ಒಪ್ಪಿಸುವ ನಿಯಮ: ಇಷ್ಟಕ್ಕೆ ಹೆಚ್ಚಿನ ದ್ರವ್ಯ ಬೇಕಾಗುವುದಿಲ್ಲ. ಮನೆಯವರು ಹೊರಡುವ ಮೊದಲು ಮಗುವಿನ ಜೇಬಿನಲ್ಲಿ ಒಂದು ದೂರವಾಣಿ ಸಂಖ್ಯೆಯನ್ನು ಬರೆದಿಟ್ಟರೆ ಅದೂ ಅಪ್ರಮಾದವೇ. ಧ್ವನಿವರ್ಧಕದಲ್ಲಿ ಕೂಗುವವರು ಮಗುವಿನ ಗುರುತನ್ನು ಹೇಳಿದರೆ ಸಾಕು. ತಾಯಿಗೆ ಬುದ್ಧಿಮಾತನ್ನು ಹೇಳಬೇಕಾಗಿಲ್ಲ.

ಬಸ್ತಿಹಳ್ಳಿಯ ಬಸದಿಯಲ್ಲಿ ವಿಜಯಪಾರ್ಶ್ವನ ಹೆಸರು ಇಂದಿಗೂ ಒಂದು ಮಗುವಿನ ಹೆಸರಿನೊಡನೆ ಸೇರಿಕೊಂಡಿದೆ. ಆ ಮಗುವಿನ ಹುಟ್ಟಿನಲ್ಲಿ ಪಾಲು ಪಡೆದ ನೆಲವಿದು. ಎರಡು ಶತಮಾನಗಳು ತುಂಬುವ ಮೊದಲೇ ದೂರವಾದ ಮತ್ತೊಬ್ಬ ಮಗನಿಗಾಗಿ ಇದೇ ನೆಲವು ಎರಡು ವರ್ಷ ದಾರಿ ಕಾಯಿತು; ಅವನು ಬಂದ ದಿನ ದತ್ತಿ ಕೊಟ್ಟು ಸಂತೋಷಪಟ್ಟಿತು. ಮಗು ಕಾಣೆಯಾದ ಮನೆಯ ಬಾಗಿಲಿಗೆ ಇಂದು ಹೋಗುವವರು ಆ ಶಾಸನದಷ್ಟೇ ಮಾತನಾಡಿ, ಉಳಿದ ಹೊತ್ತನ್ನು ಹುಡುಕಲು ಕೊಟ್ಟರೆ ಸಾಕು.