ಬಂಡೆನೀರಿನ ದೋಣಿಗೆ ಎಂಜಿನ್: ಜುರಾಲ ಮೇಲ್ಬದಿಯ ಕೃಷ್ಣೆಯಲ್ಲಿ ಔಟ್‌ಬೋರ್ಡ್ ಎತ್ತರ ಮತ್ತು ಫ್ಯಾನಿನ ಆಯ್ಕೆ

ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡ ಮೇಲೆ ಕೃಷ್ಣೆ ಒಂದು ಕಡೆ ನಾರಾಯಣಪೇಟೆ ಜಿಲ್ಲೆ, ಇನ್ನೊಂದು ಕಡೆ ರಾಯಚೂರು ಜಿಲ್ಲೆಯನ್ನು ಇಟ್ಟುಕೊಂಡು ಪೂರ್ವಕ್ಕೆ ಹರಿಯುತ್ತದೆ. ರೈಲು ಸೇತುವೆ, ದೇವಸೂಗೂರಿನ ನಿಜಾಮರ ಕಾಲದ ರಸ್ತೆ ಸೇತುವೆ, ಆಮೇಲೆ ಕುರುವಪುರ ಮತ್ತು ಅದರ ನೆರೆಯ ನಡುಗಡ್ಡೆಗಳು, ಕೊನೆಗೆ ಗದ್ವಾಲದ ಬಳಿಯ ಪ್ರಿಯದರ್ಶಿನಿ ಜುರಾಲ ಅಣೆಕಟ್ಟು. ಅಣೆಕಟ್ಟಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 318.516 ಮೀಟರ್. ಅದರ ಬೆನ್ನಿಗೆ ನಿಂತ ನೀರು ಆಳ, ಸಮತಟ್ಟು. ಮೇಲಕ್ಕೆ ಹೋದಂತೆ ನೀರಿನ ಕೆಳಗೆ ಬಂಡೆಗಳು, ಬಂಡೆಗಳ ನಡುವೆ ಮಡುಗಳು. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರಕ್ಕೆ ಮಕ್ತಲ್ ಕಡೆಯಿಂದ ಬರುವ ಕನ್ನಡ, ತೆಲುಗು, ಮರಾಠಿ ಯಾತ್ರಿಕರು ಪಂಚದೇವಪಹಾಡಿಗೆ ಬಂದು, ಅಲ್ಲಿಂದ ನೀರು ದಾಟಬೇಕು. ಒಂದೇ ದೋಣಿ ಒಂದೇ ದಿನ ಆಳದ ನೀರನ್ನೂ ಬಂಡೆನೀರನ್ನೂ ಕಾಣುವ ಇಂಥ ಜಾಗದಲ್ಲಿ, ದೋಣಿಯ ಹಿಂಬದಿ ಹಲಗೆಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಎಷ್ಟು ಎತ್ತರಕ್ಕೆ ಕೂಡಿಸಬೇಕು, ಅದಕ್ಕೆ ಯಾವ ಫ್ಯಾನು (ಪ್ರೊಪೆಲ್ಲರ್) ಹಾಕಬೇಕು ಎಂಬುದು ಈ ಲೇಖನದ ವಿಚಾರ. ಎಂಜಿನ್ ಕಂಪನಿಗಳ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿದೆ. ಆದರೆ ಆ ಉತ್ತರ ಹಗುರ ಬೋಟಿಗೆ, ತಿಳಿನೀರಿಗೆ, ವೇಗಕ್ಕೆ ಬರೆದದ್ದು. ಯಾತ್ರಿಕರನ್ನೋ ಮೀನು ಬಲೆಗಳನ್ನೋ ಹೊತ್ತ ಭಾರದ ದೋಣಿಗೆ ಅದನ್ನು ಹಾಗೇ ಅನ್ವಯಿಸಿದರೆ ಎಂಜಿನ್ ದಣಿಯುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲಿ ಬರುವ ಲೆಕ್ಕಗಳು ದೋಣಿಶಾಸ್ತ್ರದ ಸಾಮಾನ್ಯ ಸೂತ್ರಗಳಿಂದ ಪಡೆದವು, ನದಿಯಲ್ಲಿ ಅಳೆದವಲ್ಲ.

ಮೊದಲು ಹರಿಗೋಲಿನ ಮಾತು. ತೆಲುಗು ದಡದವರು ಪುಟ್ಟಿ ಎನ್ನುವ ಈ ಬಿದಿರಿನ ದುಂಡು ದೋಣಿಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ತುಂಗಭದ್ರೆಯ ಆನೆಗೊಂದಿಯಲ್ಲಿ ಕಂಡು ಬರೆದಿದ್ದಾನೆ. ಆಗ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಐನೂರು ವರ್ಷ ಇದು ಉಳಿದದ್ದಕ್ಕೆ ಬಡತನವೊಂದೇ ಕಾರಣವಲ್ಲ. ಗೇಣುದ್ದ ನೀರಿದ್ದರೆ ಸಾಕು, ಅದು ಸಾಗುತ್ತದೆ. ಬಂಡೆಗೆ ತಾಗಿದರೆ ಬಳುಕಿ ಜಾರಿಕೊಳ್ಳುತ್ತದೆ. ಆದರೆ ಅದಕ್ಕೆ ಮೊನೆಯೂ ಇಲ್ಲ, ಹಿಂಬದಿ ಹಲಗೆಯೂ ಇಲ್ಲ. ಅಂಚಿಗೆ ಎಂಜಿನ್ ಕಟ್ಟಿದರೆ ತಳ್ಳುವ ಬಲ ನಡುವಿನಿಂದ ಆಚೆ ಬಿದ್ದು ದೋಣಿ ಗಿರಕಿ ಹೊಡೆಯುತ್ತದೆ, ಎಂಜಿನ್ನಿನ ಭಾರಕ್ಕೆ ಒಂದು ಮಗ್ಗುಲು ಕುಸಿಯುತ್ತದೆ. 2020ರ ಆಗಸ್ಟ್‌ನಲ್ಲಿ ಇದೇ ನೀರಿನಲ್ಲಿ ಎರಡು ದಡಗಳ ನಡುವೆ ದಾಟುತ್ತಿದ್ದ ಹರಿಗೋಲು ಮಗುಚಿ ಜೀವಹಾನಿಯಾಯಿತು. ಹರಿಗೋಲಿಗೆ ಎಂಜಿನ್ ಕೂಡಿಸುವುದು ಸುಧಾರಣೆಯಲ್ಲ, ಹೊಸ ಅಪಾಯ. ಆದ್ದರಿಂದ ಇಲ್ಲಿಂದ ಮುಂದೆ ದೋಣಿ ಎಂದರೆ ಚಪ್ಪಟೆ ತಳದ, ಹಿಂಬದಿ ಹಲಗೆಯುಳ್ಳ ಫೈಬರ್ ಅಥವಾ ಮರದ ದೋಣಿ.

ಔಟ್‌ಬೋರ್ಡ್ ಎಂಜಿನ್ನು ಹೊಸ ಯಂತ್ರವೇನಲ್ಲ. ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ಒಂದೂವರೆ ಅಶ್ವಶಕ್ತಿಯ ಎಂಜಿನ್ ಮಾರಾಟಕ್ಕೆ ತಂದದ್ದು 1909ರಲ್ಲಿ. ನೀರಿಗಿಳಿಯುವ ಅದರ ಕಾಲಿನ ಉದ್ದಕ್ಕೆ ಈಗ ಒಂದು ರೂಢಿ ನಿಂತಿದೆ: 15 ಅಂಗುಲದ ಗಿಡ್ಡ ಕಾಲು, 20 ಅಂಗುಲದ ಉದ್ದ ಕಾಲು, 25 ಅಂಗುಲದ ಇನ್ನೂ ಉದ್ದ ಕಾಲು. ದೋಣಿಯ ಹಿಂಬದಿ ಹಲಗೆಯ ಎತ್ತರ ಇವುಗಳಲ್ಲಿ ಒಂದಕ್ಕೆ ಹೊಂದಬೇಕು. ಊರ ಬಡಗಿ ಕಣ್ಣಳತೆಯಲ್ಲಿ ಕಟ್ಟಿದ ಹಲಗೆ ಹದಿನೇಳೋ ಹದಿನೆಂಟೋ ಅಂಗುಲವಿದ್ದರೆ ಯಾವ ಕಾಲೂ ಸರಿಹೊಂದದು. ಸರಳ ಮಾತು ಇಷ್ಟೇ: ಅಂಗಡಿಗೆ ಹೋಗುವ ಮೊದಲು ಹಲಗೆ ಅಳೆಯಬೇಕು. ಆದರೂ ಎಂಜಿನ್ ಕೊಂಡ ಮೇಲೆ ಅಳೆಯುವುದೇ ಹೆಚ್ಚು.

ಎತ್ತರವನ್ನು ಗೊತ್ತುಮಾಡುವ ಗುರುತು ಫ್ಯಾನಿನ ಮೇಲೆ ಅಡ್ಡಕ್ಕೆ ಚಾಚಿದ ಲೋಹದ ತಟ್ಟೆ. ಮೆಕ್ಯಾನಿಕ್ಕರು ಅದನ್ನು ಕ್ಯಾವಿಟೇಶನ್ ಪ್ಲೇಟು ಎನ್ನುತ್ತಾರೆ; ಅದರ ಕೆಲಸ ಮಾತ್ರ ಬೇರೆ. ಫ್ಯಾನಿನ ಎಸಳುಗಳ ಬೆನ್ನಿನಲ್ಲಿ ಒತ್ತಡ ಕುಸಿದು ನೀರೇ ಕುದಿದಂತೆ ಆವಿಗುಳ್ಳೆಗಳು ಏಳುವುದು ಕ್ಯಾವಿಟೇಶನ್; ಅದು ಎಸಳಿನ ಮೇಲೆ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ನೀರಿನ ಮೇಲಿನ ಗಾಳಿ ಫ್ಯಾನಿನೊಳಕ್ಕೆ ಎಳೆದುಕೊಂಡು ಬರುವುದು ಇನ್ನೊಂದು ತೊಂದರೆ: ಎಂಜಿನ್ ಒಮ್ಮೆಗೇ ಕಿರುಚುತ್ತದೆ, ತಳ್ಳು ಇಲ್ಲವಾಗುತ್ತದೆ. ತಟ್ಟೆ ತಡೆಯುವುದು ಈ ಎರಡನೆಯದನ್ನು. ಕೈಪಿಡಿಯ ಪ್ರಕಾರ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಇರಬೇಕು, ನೀರಿನ ಮೇಲೆದ್ದು ಓಡುವ ಬೋಟಿನಲ್ಲಿ ಅಂಗುಲದಷ್ಟು ಮೇಲಿದ್ದರೂ ಆದೀತು. ಓಡುವಾಗ ಕಾಲಿನ ಎಳೆತ ಕಡಿಮೆಯಾಗಿ ವೇಗ ಹೆಚ್ಚುವುದರಿಂದ ಈ ಸಲಹೆ. ನಮ್ಮ ದೋಣಿ ನೀರಿನ ಮೇಲೆ ಏಳುವುದೇ ಇಲ್ಲ.

ಲೆಕ್ಕ ನೋಡೋಣ. ನೀರಿಗೆ ತಾಗುವ ಉದ್ದ ಐದೂವರೆ ಮೀಟರ್, ಅಗಲ ಒಂದೂವರೆ ಮೀಟರ್ ಇರುವ ದೋಣಿ. ತಳದ ಆಕಾರ ಕಳೆದು ನೀರಿನ ಮಟ್ಟದಲ್ಲಿ ಸುಮಾರು 6.6 ಚದರ ಮೀಟರ್ ಹರವು. ಹತ್ತು ಜನ ಹತ್ತಿದರೆ ಸುಮಾರು 600 ಕಿಲೋ. ದೋಣಿ 9 ಸೆಂ.ಮೀ. ಕೆಳಗಿಳಿಯುತ್ತದೆ, ತಟ್ಟೆಯೂ ಅಷ್ಟೇ ಇಳಿಯುತ್ತದೆ. ಖಾಲಿ ದೋಣಿ 12 ಸೆಂ.ಮೀ. ಮುಳುಗಿ, ತಟ್ಟೆಯಿಂದ ಕೆಳಗಿನ ಕಾಲು ಸುಮಾರು 30 ಸೆಂ.ಮೀ. ಇದ್ದರೆ, ತುಂಬಿದ ದೋಣಿಗೆ 51 ಸೆಂ.ಮೀ. ನೀರು ಬೇಕು. ಹರಿಗೋಲು ದಾಟುವ ಜಾಗಗಳಲ್ಲಿ ಹಲವು ಇದಕ್ಕೆ ಮುಚ್ಚಿದ ದಾರಿ. ಇದನ್ನು ಕಂಡು ಎಂಜಿನ್ ಮೇಲಕ್ಕೆತ್ತಿ ಕೂಡಿಸುವವರಿದ್ದಾರೆ. ಆಗ ಇನ್ನೊಂದು ತೊಡಕು: ನಡುಗಡ್ಡೆ ಮುಟ್ಟುವ ಹೊತ್ತಿಗೆ ಜನರೆಲ್ಲ ಎದ್ದು ಮುಂದಕ್ಕೆ ನುಗ್ಗುತ್ತಾರೆ, ಹಿಂಬದಿ ಮೇಲೇಳುತ್ತದೆ, ಫ್ಯಾನು ಗಾಳಿ ನುಂಗುತ್ತದೆ, ದಡದ ಹತ್ತಿರ ಹತೋಟಿ ಬೇಕಾದಾಗಲೇ ಹತೋಟಿ ತಪ್ಪುತ್ತದೆ. ಹೀಗಾಗಿ ಭಾರದ, ನಿಧಾನದ ದೋಣಿಗೆ ನನ್ನ ಮತ ಇದು: ಪೂರ್ತಿ ಭಾರ ಹೊತ್ತು ನಿಂತಾಗ ತಟ್ಟೆ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿರಲಿ, ಬಂಡೆನೀರು ಬಂದಾಗ ಎತ್ತರ ಬದಲಿಸುವುದು ಬೇಡ, ಎಂಜಿನ್ನಿನಲ್ಲೇ ಇರುವ ತೆಳುನೀರಿನ ಕೊಂಡಿಗೆ ಕಾಲನ್ನು ಓರೆ ಮಾಡಿ ಕೂಡಿಸಿ, ನಿಧಾನಕ್ಕೆ ಸಾಗಲಿ. ಹೀಗೆ ಓರೆ ಮಾಡಿದಾಗ ತಂಪುನೀರು ಎಳೆಯುವ ಕಂಡಿ ನೀರಿನೊಳಗೇ ಇರಬೇಕು. ಪಕ್ಕದಿಂದ ಚಿಮ್ಮುವ ನೀರಿನ ಎಳೆ ನಿಂತರೆ ಎಂಜಿನ್ ಆರಿಸುವುದೊಂದೇ ದಾರಿ. ಮಳೆಗಾಲದ ಕೆಂಪುನೀರಿನ ಹೂಳು ಆ ಪಂಪಿನ ರಬ್ಬರ್ ಚಕ್ರವನ್ನು ಬೇಗ ಸವೆಸುತ್ತದೆ ಎಂಬುದೂ ನೆನಪಿರಲಿ.

ಬಂಡೆನೀರಿನಲ್ಲಿ ನಿಧಾನವೇ ಏಕೆ? ಎಚ್ಚರಿಕೆಗೆ ಮಾತ್ರವಲ್ಲ, ಇದರಲ್ಲಿ ನೀರಿನ ಶಾಸ್ತ್ರವೂ ಇದೆ. ದೋಣಿಯ ವೇಗದ ಸಹಜ ಮೇಲ್ಮಿತಿ ಅದರ ಉದ್ದದಿಂದ ಬರುತ್ತದೆ: ಐದೂವರೆ ಮೀಟರಿನ ದೋಣಿಗೆ ಸುಮಾರು 5.7 ನಾಟ್, ಅಂದರೆ ಗಂಟೆಗೆ ಹತ್ತೂವರೆ ಕಿ.ಮೀ. ಇತ್ತ ತೆಳುನೀರಿನಲ್ಲಿ ಅಲೆ ಸಾಗುವ ಗರಿಷ್ಠ ವೇಗ ಆಳದ ಮೇಲೆ ನಿಂತಿದೆ. ಒಂದು ಮೀಟರ್ ಆಳಕ್ಕೆ ಗಂಟೆಗೆ 11.3 ಕಿ.ಮೀ., 80 ಸೆಂ.ಮೀ.ಗೆ 10.1 ಕಿ.ಮೀ. ಎರಡು ಅಂಕಿಗಳೂ ಪಕ್ಕಪಕ್ಕದಲ್ಲಿವೆ. ದೋಣಿಯ ವೇಗ ಈ ಅಂಚಿಗೆ ಬಂದಂತೆ ತಳದ ಕೆಳಗೆ ನೀರು ಇಳಿದು ಹಿಂಬದಿ ಕುಸಿಯುತ್ತದೆ. ನಿಂತಾಗ 51 ಸೆಂ.ಮೀ. ಸಾಕೆಂದು ಕಂಡ ದೋಣಿಗೆ ಓಡುವಾಗ ಅಷ್ಟು ಸಾಲದು. ಕಲ್ಲಿಗೆ ಬಡಿಯುವುದು ಹೆಚ್ಚಾಗಿ ಈ ಓಟದಲ್ಲೇ.

ಫ್ಯಾನಿನ ಮೇಲೆ ಎರಡು ಅಂಕಿ ಕೊರೆದಿರುತ್ತದೆ: ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಮರದಲ್ಲಿ ತಿರುಪು ಕೊರೆದಂತೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ಅಂಗುಲಗಳು. ನೀರು ಮರವಲ್ಲ, ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದೇ ಆಯ್ಕೆಯ ಮರ್ಮ. ನಿಮಿಷಕ್ಕೆ 5,500 ಸುತ್ತಿನ ಎಂಜಿನ್, ಗೇರಿನ ಅನುಪಾತ 2.08 ಇದ್ದರೆ ಫ್ಯಾನು ಸೆಕೆಂಡಿಗೆ 44 ಸುತ್ತು ತಿರುಗುತ್ತದೆ. ಹತ್ತಂಗುಲ ಪಿಚ್ಚಿನ ಫ್ಯಾನು ಲೆಕ್ಕದಲ್ಲಿ ಗಂಟೆಗೆ 40 ಕಿ.ಮೀ. ಹೋಗಬೇಕು, ದೋಣಿ ಹೋಗುವುದು ಹತ್ತೂವರೆ. ನಾಲ್ಕರಲ್ಲಿ ಮೂರು ಪಾಲು ಜಾರಿಹೋಯಿತು. ನಿಜದಲ್ಲಿ ಎಂಜಿನ್ನಿಗೆ ಆ ಸುತ್ತು ಮುಟ್ಟುವುದೂ ಆಗದು, ಭಾರಕ್ಕೆ ಹೆಣಗುತ್ತದೆ. ಏಳಂಗುಲಕ್ಕೆ ಇಳಿಸಿದರೆ ಲೆಕ್ಕದ ವೇಗ 28 ಕಿ.ಮೀ., ಜಾರು ನೂರಕ್ಕೆ 63. ಅದೇ ಏಳಂಗುಲದ ಫ್ಯಾನನ್ನು ಭಾರ ತಳ್ಳುವುದಕ್ಕೆಂದೇ ಮಾಡಿದ, 2.92 ಅನುಪಾತದ ಗೇರಿರುವ ಎಂಜಿನ್ನಿಗೆ ಹಾಕಿದರೆ ಲೆಕ್ಕದ ವೇಗ 20 ಕಿ.ಮೀ., ಜಾರು ಅರ್ಧಕ್ಕಿಂತ ತುಸು ಕಡಿಮೆ.

ವ್ಯಾಸದ ಮಾತು ಇನ್ನೂ ಸ್ಪಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಎಂಜಿನಿಯರುಗಳಾದ ರ್‍ಯಾಂಕಿನ್ ಮತ್ತು ಫ್ರೂಡ್ ಹಾಕಿಕೊಟ್ಟ ಲೆಕ್ಕದಂತೆ, ಸೆಕೆಂಡಿಗೆ 2.9 ಮೀಟರ್ ವೇಗದಲ್ಲಿ 500 ನ್ಯೂಟನ್ ತಳ್ಳು ಬೇಕಾದರೆ 9 ಅಂಗುಲ ವ್ಯಾಸದ ಫ್ಯಾನಿನ ಗರಿಷ್ಠ ದಕ್ಷತೆ ನೂರಕ್ಕೆ 67, 12 ಅಂಗುಲದ್ದು 76. ಹೆಚ್ಚು ನೀರನ್ನು ಮೆಲ್ಲಗೆ ತಳ್ಳುವುದು, ಕಡಿಮೆ ನೀರನ್ನು ಜೋರಾಗಿ ತಳ್ಳುವುದಕ್ಕಿಂತ ಲಾಭ. ತೊಂದರೆ ಏನೆಂದರೆ ಸಣ್ಣ ಎಂಜಿನ್ನಿನ ತಟ್ಟೆಯ ಕೆಳಗೆ ದೊಡ್ಡ ಫ್ಯಾನಿಗೆ ಜಾಗವಿರುವುದಿಲ್ಲ, ಬಂಡೆಗೂ ಅದು ಇನ್ನಷ್ಟು ಹತ್ತಿರ. ಆದುದರಿಂದ ಜಾಗ ಇದ್ದಷ್ಟು ವ್ಯಾಸ, ಆಮೇಲೆ ಕಡಿಮೆ ಪಿಚ್. ಸಿಕ್ಕರೆ ನಾಲ್ಕು ಎಸಳು.

ಈ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ತರಬೇಕು. ಜುರಾಲದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ನೂರಕ್ಕೆ ಸುಮಾರು ನಾಲ್ಕರಷ್ಟು ಕಡಿಮೆ. ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿ 25 ಡಿಗ್ರಿಯ ಗಾಳಿಗಿಂತ ನೂರಕ್ಕೆ ಐದರಷ್ಟು ತೆಳು. ಎರಡೂ ಸೇರಿ ಎಂಜಿನ್ ತನ್ನ ಶಕ್ತಿಯ ನೂರಕ್ಕೆ ಒಂಬತ್ತರಷ್ಟು ಕಳೆದುಕೊಳ್ಳುತ್ತದೆ. ಮಲ್ಪೆ, ಗಂಗೊಳ್ಳಿಯ ಕಡಲ ದೋಣಿಯವರು ಒಪ್ಪುವ ಫ್ಯಾನಿಗಿಂತ ಇಲ್ಲಿ ಪಿಚ್ ಒಂದಂಗುಲ ಕಡಿಮೆ ಇರಲಿ ಎನ್ನುವುದಕ್ಕೆ ಇದೊಂದೇ ಸಾಕಷ್ಟು ಕಾರಣ.

ಸರಿಯಾದ ಫ್ಯಾನು ಗೊತ್ತಾಗುವುದು ವೇಗದಿಂದಲ್ಲ, ಸುತ್ತಿನಿಂದ. ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತಿ ಕಟ್ಟುವ ಅಗ್ಗದ ಸುತ್ತಳಕ ಸಿಗುತ್ತದೆ. ಪೂರ್ತಿ ಜನ ಹತ್ತಿಸಿ, ಆಳದ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓದಬೇಕು. ಕಂಪನಿ ಹೇಳಿದ ಮಿತಿ 5,000ದಿಂದ 6,000, ಓದಿದ್ದು 4,700 ಎಂದಾದರೆ ಪಿಚ್ ಎರಡಂಗುಲ ಇಳಿಸಿದರೆ 300ರಿಂದ 400 ಸುತ್ತು ಏರುತ್ತದೆ, ಮಿತಿಯೊಳಕ್ಕೆ ಬರುತ್ತದೆ. ಮಿತಿಗೆ ಸಾವಿರ ಸುತ್ತು ಕಡಿಮೆಯಿದ್ದರೆ ಅದು ಫ್ಯಾನಿನ ತಪ್ಪಲ್ಲ, ಜನ ಹೆಚ್ಚಾಗಿದ್ದಾರೆ ಅಥವಾ ಎಂಜಿನ್ ಚಿಕ್ಕದು. ಖಾಲಿ ದೋಣಿಯಲ್ಲಿ ಪರೀಕ್ಷೆ ಮಾಡಿ ತೃಪ್ತರಾಗುವುದು ಎಲ್ಲ ಕಡೆ ಕಾಣುವ ಚಾಳಿ. ಲೋಹದ ವಿಚಾರದಲ್ಲಿ ಅಲ್ಯೂಮಿನಿಯಮ್ಮೇ ಸರಿ: ಕಲ್ಲಿಗೆ ಬಡಿದರೆ ಎಸಳು ಮುರಿದು ಗೇರು ಉಳಿಯುತ್ತದೆ; ಸ್ಟೀಲ್ ಫ್ಯಾನು ತಾನು ಉಳಿದು ಏಟನ್ನು ಒಳಕ್ಕೆ ಕಳಿಸುತ್ತದೆ. ಇನ್ನೊಂದು ಫ್ಯಾನು, ಪಿನ್ನು, ಸ್ಪ್ಯಾನರ್ ದೋಣಿಯಲ್ಲೇ ಇರಬೇಕು, ಜೊತೆಗೆ ಹುಟ್ಟು ಕೂಡ.

ಪ್ರವಾಹದ ದಿನಗಳಿಗೆ ಈ ಆಯ್ಕೆ ತಲೆಕೆಳಗು. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಗಳೆರಡೂ ಉಕ್ಕಿ ಗದ್ವಾಲ ಸೀಮೆಯಲ್ಲಿ ಎರಡು ನದಿಗಳ ನಡುವಿನ ನಡಿಗಡ್ಡ ಪ್ರದೇಶವನ್ನು ಎರಡೂ ಕಡೆಯಿಂದ ಮುತ್ತಿದ್ದವು. ಅಂಥ ನೀರು ಸೆಕೆಂಡಿಗೆ ಮೂರು ಮೀಟರ್ ಹರಿದರೆ ನಮ್ಮ ಭಾರದ ದೋಣಿಯ ಗರಿಷ್ಠ ವೇಗ ಅಲ್ಲಿಗೇ ಮುಗಿಯುತ್ತದೆ. ಯಾವ ಫ್ಯಾನು ಹಾಕಿದರೂ ಅದು ಎದುರು ಏರದು. ಅಲ್ಲಿ ನೀರಿನ ಮೇಲೆದ್ದು ಓಡುವ ಹಗುರ ರಬ್ಬರ್ ಬೋಟು, ಹೆಚ್ಚು ಪಿಚ್ಚಿನ ಫ್ಯಾನು, ತಟ್ಟೆ ತುಸು ಮೇಲೆ. ಕೈಪಿಡಿಯ ಮಾತು ಅಕ್ಷರಶಃ ನಿಜವಾಗುವುದು ಅಲ್ಲಿ. ರಕ್ಷಣಾ ಬೋಟನ್ನು ಉಳಿದ ದಿನ ಯಾತ್ರಿಕರ ದೋಣಿಯಾಗಿ ಬಳಸುವುದಾಗಲಿ, ಯಾತ್ರಿಕರ ದೋಣಿಯನ್ನು ಪ್ರವಾಹಕ್ಕೆ ಇಳಿಸುವುದಾಗಲಿ ಎರಡೂ ತಪ್ಪು.

1917ರ ಹಳೆಯ ಕಾಯಿದೆಯ ಜಾಗಕ್ಕೆ ಒಳನಾಡು ಹಡಗುಗಳ ಕಾಯಿದೆ ಬಂದದ್ದು 2021ರಲ್ಲಿ. ಅದರಡಿ ಎಂಜಿನ್ ದೋಣಿಗಳನ್ನು ನೋಂದಾಯಿಸುವವರು ಅಶ್ವಶಕ್ತಿಯ ಪಕ್ಕದಲ್ಲಿ ಇನ್ನೂ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಲಿ: ತುಂಬಿದ ದೋಣಿಯ ಮುಳುಗು, ಫ್ಯಾನಿನ ವ್ಯಾಸ ಮತ್ತು ಪಿಚ್, ಪೂರ್ತಿ ಭಾರದಲ್ಲಿ ಎಂಜಿನ್ ಮುಟ್ಟಿದ ಸುತ್ತು. ಪಂಚದೇವಪಹಾಡಿನ ದಾಟು ಅದಕ್ಕೆ ಒಳ್ಳೆಯ ಮೊದಲ ಜಾಗ.