ತಂಡಗಳು ಲೀಗ್ ಬದಲಿಸುವುದೇಕೆ? ಟಿವಿ ಹಣದ ಲೆಕ್ಕಾಚಾರ

ಕೊಲ್ಹಾಪುರದ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ್ ತಾಲೀಮ್ ಮತ್ತು ಶಿವಾಜಿ ತರುಣ ಮಂಡಳದ ಪಂದ್ಯ ನೋಡಿದ ನಮ್ಮ ಸದಸ್ಯರಿಗೆ ಗೊತ್ತಿದೆ, ಇಲ್ಲಿ ತಂಡವೆಂದರೆ ಪೇಠೆ. ತಾಲೀಮಿನ ಹೆಸರು ಹೊತ್ತ ತಂಡ ನಾಳೆ ಬೇರೆ ಊರಿನ ಲೀಗಿಗೆ ಹೋಗುವುದಿಲ್ಲ. ಗಡಹಿಂಗ್ಲಜದ ಮೈದಾನದಲ್ಲೂ ಹಾಗೆಯೇ. ಹೊರಗಿನ ತಂಡಗಳು ಪಂದ್ಯಾವಳಿಗೆ ಬರುತ್ತವೆ, ಆಡುತ್ತವೆ, ಊರಿಗೆ ಮರಳುತ್ತವೆ. ಆದರೆ ದೊಡ್ಡ ಮಟ್ಟದಲ್ಲಿ ತಂಡಗಳು ಲೀಗ್‌ನಿಂದ ಲೀಗಿಗೆ ಜಿಗಿಯುತ್ತವೆ, ಕೆಲವೊಮ್ಮೆ ಇಡೀ ಲೀಗೇ ಒಡೆದುಹೋಗುತ್ತದೆ. ಬೆಂಗಳೂರು ಎಫ್‌ಸಿ ಐ-ಲೀಗ್ ಬಿಟ್ಟು ಐಎಸ್ಎಲ್ ಸೇರಿದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಮೈದಾನದಲ್ಲಿ ಸಿಗುವುದಿಲ್ಲ. ಪಂದ್ಯವನ್ನು ಟಿವಿಗೆ ಮಾರುವ ಕರಾರಿನಲ್ಲಿ ಸಿಗುತ್ತದೆ.

ನಮ್ಮ ಗಡಿಭಾಗದವರಿಗೆ ಇದನ್ನು ಕಬ್ಬಿನ ಉದಾಹರಣೆಯಿಂದ ಹೇಳುವುದು ಸುಲಭ. ಗಡಹಿಂಗ್ಲಜದ ರೈತನ ಹೊಲದಿಂದ ಹರಳಿಯ ಕಾರ್ಖಾನೆಯೂ ದೂರವಿಲ್ಲ, ಸಂಕೇಶ್ವರದ ಹಿರಣ್ಯಕೇಶಿಯೂ ದೂರವಿಲ್ಲ. ಟನ್ನಿಗೆ ಯಾರು ಹೆಚ್ಚು ಕೊಡುತ್ತಾರೆ, ಬಿಲ್ಲು ಯಾರು ಬೇಗ ಕೊಡುತ್ತಾರೆ ಎಂದು ರೈತ ನೋಡುತ್ತಾನೆ. ಲೀಗ್ ಎಂದರೆ ಇಂಥ ರೈತರ ಒಕ್ಕೂಟ. ಎಲ್ಲ ತಂಡಗಳ ಪಂದ್ಯಗಳನ್ನು ಒಟ್ಟುಗೂಡಿಸಿ ವಾಹಿನಿಗೆ ಮಾರುತ್ತದೆ, ಬಂದ ಹಣ ಹಂಚುತ್ತದೆ. ಯಾವ ತಂಡಕ್ಕೆ ನೋಡುಗರು ಹೆಚ್ಚೋ ಅದಕ್ಕೆ ಒಂದಲ್ಲ ಒಂದು ದಿನ ಅನಿಸುತ್ತದೆ: ನನ್ನ ಕಬ್ಬಿನ ಬಲದ ಮೇಲೆ ಉಳಿದವರೂ ಬದುಕುತ್ತಿದ್ದಾರೆ, ಹೆಚ್ಚು ದರ ಕೊಡುವ ಕಡೆ ನಾನೇಕೆ ಹೋಗಬಾರದು? ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಕಬ್ಬಿಗೆ ಅಭಿಮಾನಿಗಳಿಲ್ಲ.

ಭಾರತದಲ್ಲಿ ನಡೆದದ್ದು

ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ 2006ರಲ್ಲಿ ಝೀ ಸ್ಪೋರ್ಟ್ಸ್ ಜೊತೆ ಹತ್ತು ವರ್ಷದ ಕರಾರು ಮಾಡಿಕೊಂಡಿತ್ತು. ಅದು 2010ರಲ್ಲೇ ಮುರಿದುಬಿತ್ತು. ಅದೇ ಡಿಸೆಂಬರಿನಲ್ಲಿ ಐಎಂಜಿ-ರಿಲಯನ್ಸ್ ಬಂದು 15 ವರ್ಷಕ್ಕೆ 700 ಕೋಟಿ ರೂಪಾಯಿಯ ಕರಾರು ಮಾಡಿತು. ಪ್ರಸಾರ, ಪ್ರಾಯೋಜಕತ್ವ, ಹೊಸ ಲೀಗ್ ಹುಟ್ಟುಹಾಕುವ ಹಕ್ಕು ಎಲ್ಲವೂ ಅದರಲ್ಲಿತ್ತು. ಈ ಕೊನೆಯ ಹಕ್ಕಿನಿಂದಲೇ 2014ರ ಅಕ್ಟೋಬರ್ 12ರಂದು ಐಎಸ್ಎಲ್ ಶುರುವಾಯಿತು. ಸ್ಟಾರ್ ವಾಹಿನಿ ಪಂದ್ಯ ತೋರಿಸುವುದಷ್ಟೇ ಅಲ್ಲ, ಲೀಗ್ ನಡೆಸುವ ಕಂಪನಿಯಲ್ಲಿ ಪಾಲುದಾರನೂ ಆಗಿತ್ತು. ಅಂಗಡಿಯವನೇ ಹೊಲದಲ್ಲೂ ಪಾಲು ಪಡೆದಂತೆ.

ಹಾಗಾಗಿ ಎಂಟು ತಂಡಗಳನ್ನು ಆರಿಸುವಾಗ ಹಳೆಯ ಕ್ಲಬ್‌ಗಳ ಇತಿಹಾಸಕ್ಕಿಂತ ಊರಿನ ಮಾರುಕಟ್ಟೆ ಮುಖ್ಯವಾಯಿತು. ಬೆಂಗಳೂರಿನ ಹೆಸರಿನ ಫ್ರಾಂಚೈಸಿ ಮೊದಲು ಸನ್ ಗ್ರೂಪ್ ಪಾಲಾಗಿತ್ತು. ಅವರು ಹಿಂದೆ ಸರಿದ ಮೇಲೆ ಆ ಜಾಗ ಚೆನ್ನೈಗೆ ಹೋಯಿತು. ಜೆಎಸ್‌ಡಬ್ಲ್ಯು ಕಂಪನಿ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ಆಗ ಐ-ಲೀಗ್‌ನಲ್ಲೇ ಉಳಿಯಿತು. ಮೊದಲ ವರ್ಷವೇ ಚಾಂಪಿಯನ್, 2015-16ರಲ್ಲಿ ಮತ್ತೊಮ್ಮೆ ಚಾಂಪಿಯನ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಕಂಠೀರವ ತುಂಬುತ್ತಿತ್ತು. ಆದರೂ ಟಿವಿಯ ಬೆಳಕು, ಪ್ರಾಯೋಜಕರು, ವಿದೇಶಿ ತಾರೆಯರು ಎಲ್ಲ ಇನ್ನೊಂದು ಲೀಗಿನಲ್ಲಿದ್ದರು. 2017ರಲ್ಲಿ ಕ್ಲಬ್ ಐಎಸ್ಎಲ್ ಸೇರಿತು, 2018-19ರಲ್ಲಿ ಅದನ್ನೂ ಗೆದ್ದಿತು. ವ್ಯಾಪಾರದ ದೃಷ್ಟಿಯಿಂದ ಆ ನಿರ್ಧಾರ ಸರಿಯೇ. ಬಿಟ್ಟುಬಂದ ಲೀಗ್ ಮಾತ್ರ ಅಷ್ಟರಮಟ್ಟಿಗೆ ಬಡವಾಯಿತು.

ಬಡವಾದವರಲ್ಲಿ ನಮ್ಮ ನೆರೆಯ ಗೋವಾ ಮೊದಲನೆಯದು. ರಾಷ್ಟ್ರೀಯ ಲೀಗ್ ಐದು ಬಾರಿ ಗೆದ್ದಿದ್ದ ಡೆಂಪೊ, ಅದರೊಡನೆ ಸಾಲಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ 2016ರಲ್ಲಿ ಐ-ಲೀಗ್‌ನಿಂದ ಹೊರನಡೆದವು. ಐ-ಲೀಗ್ ಎರಡನೆಯ ದರ್ಜೆಗೆ ಇಳಿಯಲಿದೆ ಎಂಬ ಫೆಡರೇಷನ್ನಿನ ಯೋಜನೆಯನ್ನು ಅವು ಒಪ್ಪಲಿಲ್ಲ. ಮರುವರ್ಷ ಮಿಜೋರಾಮಿನ ಸಣ್ಣ ಕ್ಲಬ್ ಐಜಾಲ್ ಎಫ್‌ಸಿ ದೊಡ್ಡವರನ್ನೆಲ್ಲ ಹಿಂದಿಕ್ಕಿ ಚಾಂಪಿಯನ್ ಆಯಿತು. ಗೆದ್ದರೂ ಅದಕ್ಕೆ ಐಎಸ್ಎಲ್‌ನಲ್ಲಿ ಜಾಗ ಸಿಗಲಿಲ್ಲ. ಗೆದ್ದವನು ಮೇಲೇರುತ್ತಾನೆ ಎಂಬ ಆಟದ ನಿಯಮ ಆ ಹೊತ್ತಿನಲ್ಲಿ ಚಾಲ್ತಿಯಲ್ಲಿರಲಿಲ್ಲ. 2020ರಲ್ಲಿ ಕೋಲ್ಕತ್ತದ ಎರಡು ಹಳೆಯ ಮನೆಗಳೂ ಸ್ಥಳ ಬದಲಿಸಿದವು: 1889ರ ಮೋಹನ್ ಬಾಗಾನ್ ಎಟಿಕೆ ಜೊತೆ ವಿಲೀನವಾಗಿ, ಈಸ್ಟ್ ಬೆಂಗಾಲ್ ಹೊಸ ಹೂಡಿಕೆದಾರನೊಂದಿಗೆ. ಐ-ಲೀಗ್ ಗೆದ್ದು ಐಎಸ್ಎಲ್‌ಗೆ ಬಡ್ತಿ ಪಡೆದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದು 2023ರಲ್ಲಿ.

ಅಮೆರಿಕದ ಕಾಲೇಜುಗಳ ಕಥೆ

ಈ ವ್ಯಾಪಾರ ಅತಿರೇಕಕ್ಕೆ ಹೋದದ್ದು ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿ. ಅದು ನಮ್ಮ ಫುಟ್ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿ ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಸೇರಿ ಕಾನ್ಫರೆನ್ಸ್ ಎಂಬ ಗುಂಪು ಮಾಡಿಕೊಂಡಿದ್ದವು. ರೈಲಿನಲ್ಲಿ ಹೋಗಿಬರುವಷ್ಟು ದೂರ, ತಲೆಮಾರುಗಳ ಹಗೆತನ. ಯಾರ ಪಂದ್ಯ ಎಷ್ಟು ಸಲ ಟಿವಿಯಲ್ಲಿ ಬರಬೇಕೆಂದು ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆ ನಿರ್ಧರಿಸುತ್ತಿತ್ತು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ರದ್ದುಮಾಡಿತು. ಅಂದಿನಿಂದ ಕಾನ್ಫರೆನ್ಸ್‌ಗಳೇ ಮಾರಾಟಗಾರರಾದವು.

2014ರಲ್ಲಿ ಮಧ್ಯಪಶ್ಚಿಮದ ಬಿಗ್ ಟೆನ್ ಕಾನ್ಫರೆನ್ಸ್ ನ್ಯೂಯಾರ್ಕ್ ಪಕ್ಕದ ರಟ್ಗರ್ಸ್ ಅನ್ನು ಸೇರಿಸಿಕೊಂಡಿತು. ರಟ್ಗರ್ಸ್ ತಂಡ ಬಲಿಷ್ಠವೆಂದಲ್ಲ. ಆ ಭಾಗದ ಕೇಬಲ್ ಮನೆಗಳಿಂದ ತನ್ನ ಸ್ವಂತ ವಾಹಿನಿಗೆ ಹೆಚ್ಚಿನ ಶುಲ್ಕ ಸಿಗುತ್ತದೆಂದು. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್ ಸೇರುವುದಾಗಿ ಹೇಳಿದವು, ಆಗಸ್ಟ್‌ನಲ್ಲಿ ಅದಕ್ಕೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೀರಿದ ಪ್ರಸಾರ ಕರಾರು ಸಿಕ್ಕಿತು. ನಮ್ಮ 700 ಕೋಟಿ ರೂಪಾಯಿ, ಹದಿನೈದು ವರ್ಷ. ಅವರ 700 ಕೋಟಿ ಡಾಲರ್, ಏಳು ವರ್ಷ. ಇತ್ತ ಆ ಎರಡು ತಂಡ ಕಳೆದುಕೊಂಡ ಪ್ಯಾಕ್-12 ಕಾನ್ಫರೆನ್ಸ್‌ಗೆ ತೃಪ್ತಿಕರ ಟಿವಿ ಕರಾರು ಸಿಗಲಿಲ್ಲ. 1915ರಿಂದ ಬೇರೆಬೇರೆ ಹೆಸರಿನಲ್ಲಿ ಬೆಳೆದುಬಂದಿದ್ದ ಆ ಕೂಟ 2023ರ ಬೇಸಿಗೆಯಲ್ಲಿ ಒಡೆಯಿತು. ಹನ್ನೆರಡರಲ್ಲಿ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಶಾಂತಸಾಗರದ ದಡದ ಸ್ಟ್ಯಾನ್‌ಫೋರ್ಡ್ ಈಗ ಅಟ್ಲಾಂಟಿಕ್ ಕೋಸ್ಟ್ ಎಂಬ ಹೆಸರಿನ ಕಾನ್ಫರೆನ್ಸ್‌ನಲ್ಲಿ ಆಡುತ್ತದೆ! ವಾಲಿಬಾಲ್, ಈಜು ಆಡುವ ಹುಡುಗಿಯರೂ ಪರೀಕ್ಷೆಯ ನಡುವೆ ದೇಶದ ಈ ತುದಿಯಿಂದ ಆ ತುದಿಗೆ ವಿಮಾನ ಹತ್ತಬೇಕಾಯಿತು. ಫುಟ್ಬಾಲಿಗಾಗಿ ಮಾಡಿದ ಕರಾರಿನ ಬೆಲೆ ಅವರು ತೆತ್ತರು.

ಕರಾರು ಮುಗಿದಾಗ

ಟಿವಿ ಹಣದ ಮೇಲೆ ಕಟ್ಟಿದ ಲೀಗಿನ ಅಪಾಯವನ್ನು ನಾವು 2025ರಲ್ಲಿ ಹತ್ತಿರದಿಂದ ಕಂಡೆವು. ಆ 15 ವರ್ಷದ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ನವೀಕರಣವಾಗಲಿಲ್ಲ. ಜುಲೈನಲ್ಲಿ ಐಎಸ್ಎಲ್ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಫೆಡರೇಷನ್ ಹೊಸ ಟೆಂಡರ್ ಕರೆದಾಗ ನವೆಂಬರಿನ ಗಡುವಿನವರೆಗೂ ಒಂದು ಬಿಡ್ಡೂ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಲೀಗ್ ಫೆಬ್ರವರಿ 14ರಿಂದ ನಡೆಯುತ್ತದೆಂದು ಘೋಷಿಸಿದರು, ಪಂದ್ಯಗಳ ಸಂಖ್ಯೆ ಕಡಿತಗೊಳಿಸಿ.

ಇದು ನಮಗೆ ದೂರದ ಸುದ್ದಿಯಲ್ಲ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಕೊಲ್ಹಾಪುರದ ಅನಿಕೇತ್ ಜಾಧವ್ ಐ-ಲೀಗ್‌ನ ಇಂಡಿಯನ್ ಆ್ಯರೋಸ್‌ನಿಂದ ಐಎಸ್ಎಲ್‌ನ ಜಮ್ಶೆಡ್‌ಪುರಕ್ಕೆ ಹೋದದ್ದು ಇದೇ ಏಣಿಯಲ್ಲಿ. ಇಚಲಕರಂಜಿ, ಬೆಳಗಾವಿ, ಗಡಹಿಂಗ್ಲಜದ ಹುಡುಗರು ಹತ್ತಬೇಕಾದದ್ದೂ ಇದನ್ನೇ. ಅಕಾಡೆಮಿಗೆ ಸೇರಿಸುವ ಮೊದಲು ಶುಲ್ಕ, ಹಾಸ್ಟೆಲ್ ವಿಚಾರಿಸುವ ಪೋಷಕರು ಇನ್ನೂ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: ಆ ಕ್ಲಬ್ ಆಡುವ ಲೀಗಿನ ಪ್ರಸಾರದ ಕರಾರು ಎಷ್ಟು ವರ್ಷಕ್ಕಿದೆ?