ಎಡಗಡೆಯ ಸೊನ್ನೆ

ವಾಸ್ಕೋದ ಮಂಗೋರ್ ಹಿಲ್‌ನಿಂದ ಉತ್ತರ ಕರ್ನಾಟಕದ ತಮ್ಮೂರಿಗೆ ದುಡ್ಡು ಕಳಿಸೋರನ್ನು ನೆನೆದು ಈ ಮಾತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು. ಅದರ ಹಳೇ ಐಎಫ್‌ಎಸ್‌ಸಿ ಕೋಡ್ ನಡೆದದ್ದು 2021ರ ಜೂನ್ 30ರ ತನಕ. ಈ ಕೋಡಿನಲ್ಲಿ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಕೊನೆಯ ಆರು ಸ್ಥಾನ ಶಾಖೆಯದು, ನಡುವೆ ಮುಂದಿನ ಬಳಕೆಗೆ ಕಾದಿಟ್ಟ ಒಂದು ಸೊನ್ನೆ. ವಿಲೀನದಲ್ಲಿ ಆ ಸೊನ್ನೆಯನ್ನು ಯಾರೂ ಮುಟ್ಟಲಿಲ್ಲ. ಬ್ಯಾಂಕಿನ ಅಕ್ಷರ ಬದಲಿಸಿ, ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರು: 001234 ಇದ್ದರೆ 011234. ಎರಡು ಬ್ಯಾಂಕಿನ ಶಾಖೆಗಳು ಒಂದೇ ಸಂಖ್ಯೆಯಲ್ಲಿ ಡಿಕ್ಕಿ ಹೊಡೆಯದೆ ಉಳಿದದ್ದು ಎಡಗಡೆಯ ಸೊನ್ನೆ ಜಾಗ ಹಿಡಿದಿಟ್ಟಿದ್ದರಿಂದ. (ಎಕ್ಸೆಲ್‌ಗೆ ಮಾತ್ರ ಇದು ತಿಳಿಯೋದಿಲ್ಲ, ಕಂಡ ಕೂಡಲೇ ಅಳಿಸಿಬಿಡುತ್ತೆ.) ಖಾತೆ ಸಂಖ್ಯೆ ಅದೇ ಉಳೀತು. ತೊಡಕು ಅಲ್ಲೇ: ಪಾಸ್‌ಬುಕ್ಕಿನ ನಂಬರ್ ಸರಿ, ಪಕ್ಕದ ಕೋಡ್ ಹಳೇದು, ಊರಿಗೆ ಹಣ ಮುಟ್ಟೋದಿಲ್ಲ.